ಬೋರ್ಡು ನೋಡುವ ಮುನ್ನ ರಸ್ತೆ ನೋಡಿ

ಬೆಂಗಳೂರಿಗೆ ಹೊರಟರೆ ಎಲ್ಲಿ ಉಳಿಯುವುದು ಎಂಬ ಚಿಂತೆ ನಮ್ಮ ಹಿಂದಿನವರಿಗೆ ಅಷ್ಟಾಗಿ ಇರಲಿಲ್ಲ. ಮಲ್ಲೇಶ್ವರದಲ್ಲೋ ರಾಜಾಜಿನಗರದಲ್ಲೋ ಸೋದರಮಾವನೊಬ್ಬ ಇದ್ದೇ ಇರುತ್ತಿದ್ದ. ನಡುಮನೆಯಲ್ಲಿ ಚಾಪೆ ಬಿಡಿಸಿದರೆ ನಾಲ್ಕು ಜನ ಮಲಗುತ್ತಿದ್ದರು. ಇವತ್ತು ಆ ಮಾವನ ಮಗ ಸಹಕಾರನಗರದ ಎರಡು ಕೋಣೆಯ ಫ್ಲ್ಯಾಟಿನಲ್ಲಿದ್ದಾನೆ. ಒಂದು ಕೋಣೆಯಲ್ಲಿ ಅವನ ಆಫೀಸು, ಇನ್ನೊಂದರಲ್ಲಿ ಮಗಳ ಪರೀಕ್ಷೆಯ ಓದು. ಬಾಯ್ತುಂಬ ಕರೆಯುತ್ತಾನೆ, ನಾವೂ ಹೋಗುತ್ತೇವೆ, ಊಟ ಮುಗಿಸಿ ಮಲಗಲು ಹೋಟೆಲಿಗೆ ಬರುತ್ತೇವೆ. ಇದರಲ್ಲಿ ಅವನಿಗೂ ಬೇಸರವಿಲ್ಲ, ನಮಗೂ ಇಲ್ಲ.

ಹೀಗೆ ಕೋಣೆ ಹುಡುಕುವವರಲ್ಲಿ ಬಹಳಷ್ಟು ಮಂದಿಯ ಕೆಲಸ ಈಗ ಉತ್ತರ ಬೆಂಗಳೂರಿನಲ್ಲೇ ಇರುತ್ತದೆ. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಎಚ್‌ಎಎಲ್‌ನಿಂದ ದೇವನಹಳ್ಳಿಗೆ ಹೋಯಿತು. ಅದರ ಬೆನ್ನಿಗೆ ನಗರದ ಮುಖವೇ ಉತ್ತರಕ್ಕೆ ತಿರುಗಿತು. ಹೆಬ್ಬಾಳದ ಸುತ್ತ ದೊಡ್ಡ ದೊಡ್ಡ ಆಸ್ಪತ್ರೆಗಳು, ನಾಗವಾರದಲ್ಲಿ ಮಾನ್ಯತಾ ಟೆಕ್ ಪಾರ್ಕ್, ಜಿಕೆವಿಕೆಯಲ್ಲಿ ಕೃಷಿ ವಿಶ್ವವಿದ್ಯಾಲಯ, ಯಶವಂತಪುರದಲ್ಲಿ ರೈಲು ಜಂಕ್ಷನ್ನು ಮತ್ತು ಎಪಿಎಂಸಿ ಯಾರ್ಡು, ಮೇಖ್ರಿ ಸರ್ಕಲ್ ಪಕ್ಕ ಅರಮನೆ ಮೈದಾನದ ಮದುವೆಗಳು. ಈ ಎಲ್ಲದಕ್ಕೂ ಬರುವ ಜನರನ್ನು ನಂಬಿಕೊಂಡು ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರಗಳಲ್ಲಿ ಚೈನ್ ಹೋಟೆಲುಗಳು ಸಾಲುಗಟ್ಟಿವೆ. ಅವುಗಳಲ್ಲಿ ಒಂದನ್ನು ಆರಿಸುವುದು ಹೇಗೆ ಎಂಬುದೇ ಇವತ್ತಿನ ಮಾತು.

ಮೊದಲು ಚೈನ್ ಹೋಟೆಲು ಮಾರುವ ಸರಕು ಏನೆಂದು ನೋಡೋಣ. 1951ರಲ್ಲಿ ಅಮೆರಿಕದ ಮೆಂಫಿಸ್ ನಗರದ ಕೆಮನ್ಸ್ ವಿಲ್ಸನ್ ಎಂಬ ಕಟ್ಟಡ ವ್ಯಾಪಾರಿ ಹೆಂಡತಿ ಮತ್ತು ಐದು ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ವಾಷಿಂಗ್ಟನ್ ನೋಡಲು ಹೋದ. ದಾರಿಯ ವಸತಿಗಳಲ್ಲಿ ಒಂದು ಕಡೆ ಕೋಣೆ ಚೊಕ್ಕಟ, ಇನ್ನೊಂದು ಕಡೆ ಕೊಳಕು. ಸಾಲದ್ದಕ್ಕೆ ಮಗುವಿಗೆ ತಲಾ ಎರಡು ಡಾಲರು ಹೆಚ್ಚುವರಿ. ಸಿಟ್ಟಾದ ವಿಲ್ಸನ್ ಮರುವರ್ಷ, 1952ರಲ್ಲಿ, ತನ್ನ ಊರಿನಲ್ಲೇ ಮೊದಲ ಹಾಲಿಡೇ ಇನ್ ತೆರೆದ. ತಂದೆತಾಯಿಯ ಜೊತೆಗಿರುವ ಮಕ್ಕಳಿಗೆ ದುಡ್ಡಿಲ್ಲ, ಎಲ್ಲ ಶಾಖೆಯಲ್ಲೂ ಕೋಣೆ ಒಂದೇ ಬಗೆ ಎಂಬುದು ಅವನ ಸೂತ್ರ. ಗೊತ್ತಿಲ್ಲದ ಊರಿನಲ್ಲಿ ಗೊತ್ತಿರುವ ಕೋಣೆ ಸಿಗುತ್ತದೆಂಬ ಆ ಭರವಸೆಯ ಮೇಲೆಯೇ ಜಗತ್ತಿನ ಚೈನ್ ಹೋಟೆಲುಗಳೆಲ್ಲ ಬೆಳೆದವು.

ಈ ಭರವಸೆ ನಮಗೆ ಅಮೆರಿಕದಿಂದಲೇ ಬರಬೇಕಾಗಿರಲಿಲ್ಲ. ದಕ್ಷಿಣ ಕನ್ನಡದ ಕಡಂದಲೆಯಿಂದ ಹೊರಟು, ಅಡುಗೆಮನೆಯ ಸಣ್ಣಪುಟ್ಟ ಕೆಲಸ ಮಾಡುತ್ತ ಮದ್ರಾಸು ಸೇರಿದ ಕೃಷ್ಣರಾಯರು 1930ರ ದಶಕದ ಕೊನೆಯಲ್ಲಿ ಅಲ್ಲಿನ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಊಟವೂ ಇತ್ತು, ಉಳಿಯಲು ಕೋಣೆಯೂ ಇತ್ತು. ಆ ಹೆಸರು ಮುಂದೆ ಬೆಂಗಳೂರಿಗೆ, ದಿಲ್ಲಿಗೆ, ಲಂಡನ್ನಿಗೂ ಹೋಯಿತು. ಸಾಂಬಾರಿನ ರುಚಿ ಮತ್ತು ಹಾಸಿಗೆಯ ಶುಚಿ ಎರಡಕ್ಕೂ ಒಂದೇ ಹೆಸರು ಸಾಕ್ಷಿ ನಿಂತಿತು. 1971ರಲ್ಲಿ ಹುಟ್ಟಿದ ನಮ್ಮ ರಾಜ್ಯದ ಪ್ರವಾಸೋದ್ಯಮ ಅಭಿವೃದ್ಧಿ ನಿಗಮವೂ ಬಾದಾಮಿಯ ಮಯೂರ ಚಾಲುಕ್ಯ, ಹಂಪಿಯ ಮಯೂರ ಭುವನೇಶ್ವರಿ, ಮೈಸೂರಿನ ಮಯೂರ ಹೊಯ್ಸಳ ಎಂದು ಒಂದೇ ಮನೆಹೆಸರಿನಡಿ ವಸತಿಗಳನ್ನು ಕಟ್ಟಿತು. ಟಾಟಾದವರು ಕಡಿಮೆ ದರದ ಹೋಟೆಲಿನ ಪ್ರಯೋಗವನ್ನು 2004ರಲ್ಲಿ ಆರಂಭಿಸಿದ್ದು ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ. ಆಗ ಇಂಡಿವನ್ ಎಂದಿದ್ದ ಅದು ಈಗ ಊರೂರಲ್ಲಿರುವ ಜಿಂಜರ್.

ಹಾಗಾದರೆ ಬೋರ್ಡು ನೋಡಿ ಒಳಗೆ ಹೋದರೆ ಸಾಕೆ? ಸಾಲದು. ಇವತ್ತಿನ ಚೈನ್ ಹೋಟೆಲಿನಲ್ಲಿ ಬೋರ್ಡು ಒಬ್ಬರದು, ಕಟ್ಟಡ ಇನ್ನೊಬ್ಬರದು. ಮ್ಯಾರಿಯಟ್, ಹಿಲ್ಟನ್, ಅಕಾರ್‌ನಂಥ ಕಂಪನಿಗಳು ತಮ್ಮ ಹೆಸರಿನ ಕಟ್ಟಡಗಳಲ್ಲಿ ಬಹುಪಾಲನ್ನು ತಾವೇ ಕಟ್ಟಿಸಿರುವುದಿಲ್ಲ. ಕೆಲವು ಕಡೆ ಹಣ ಪಡೆದು ತಾವೇ ಹೋಟೆಲು ನಡೆಸಿಕೊಡುತ್ತವೆ. ಕೆಲವು ಕಡೆ ಹೆಸರನ್ನೂ ನಿಯಮಪುಸ್ತಕವನ್ನೂ ಕೊಟ್ಟು, ನಡೆಸುವುದನ್ನು ಮಾಲೀಕನಿಗೆ ಬಿಡುತ್ತವೆ. ಯಶವಂತಪುರದ ಹತ್ತಿರ, ಒರಾಯನ್ ಮಾಲ್ ಪಕ್ಕದ ಶೆರಟನ್ ಗ್ರ್ಯಾಂಡ್ ನೋಡಿ. ಕಟ್ಟಡ ಬೆಂಗಳೂರಿನದೇ ಆದ ಬ್ರಿಗೇಡ್ ಸಮೂಹದ್ದು. ಶೆರಟನ್ ಎಂಬ ಹೆಸರು ಮೊದಲು ಸ್ಟಾರ್‌ವುಡ್ ಕಂಪನಿಯದಾಗಿತ್ತು. 2016ರಲ್ಲಿ ಆ ಕಂಪನಿಯನ್ನೇ ಮ್ಯಾರಿಯಟ್ ಕೊಂಡಿತು. ಅತಿಥಿ ಮಲಗಿದ್ದ ಹಾಸಿಗೆ ಅದೇ, ಹೆಸರಿನ ಒಡೆಯ ಮಾತ್ರ ಬೇರೆ.

ಒಂದೇ ಕಂಪನಿಯ ಒಳಗೂ ದರ್ಜೆಗಳಿವೆ. ಮಾನ್ಯತಾ ಟೆಕ್ ಪಾರ್ಕಿನಲ್ಲಿ 2022ರಲ್ಲಿ ಒಂದೇ ಆವರಣದಲ್ಲಿ ಎರಡು ಹೋಟೆಲು ತೆರೆದವು. ಒಂದು 266 ಕೋಣೆಗಳ ಹಿಲ್ಟನ್, ಇನ್ನೊಂದು 353 ಕೋಣೆಗಳ ಹಿಲ್ಟನ್ ಗಾರ್ಡನ್ ಇನ್. ಹೆಸರಿನಲ್ಲಿ ಹಿಲ್ಟನ್ ಎರಡಕ್ಕೂ ಇದೆ, ದರವೂ ಸೌಕರ್ಯವೂ ಒಂದೇ ಅಲ್ಲ. ಟಾಟಾದವರಲ್ಲಿಯೂ ತಾಜ್ ಮೇಲಿನ ಮೆಟ್ಟಿಲು, ವಿವಾಂತ ಅದರ ಕೆಳಗೆ, ಜಿಂಜರ್ ಇನ್ನೂ ಕೆಳಗೆ. ತುಮಕೂರು ರಸ್ತೆಯ ತಾಜ್ ಯಶವಂತಪುರ 2012ರಲ್ಲಿ ತೆರೆದಾಗ ವಿವಾಂತ ಬೈ ತಾಜ್ ಆಗಿತ್ತು. ಕಂಪನಿ ಹೆಸರುಗಳನ್ನು ಮರುಜೋಡಿಸಿದಾಗ ಅದೇ ಕಟ್ಟಡ ಬರೀ ತಾಜ್ ಆಯಿತು. ಸಂಬಂಧ ಗೊತ್ತುಮಾಡುವಾಗ ಮನೆತನ ಕೇಳಿದ ಮೇಲೂ ಹುಡುಗನನ್ನು ನೋಡುತ್ತೇವಲ್ಲ, ಹೋಟೆಲಿನ ವಿಷಯದಲ್ಲೂ ಹಾಗೆ: ಚೈನ್ ಯಾವುದೆಂದು ತಿಳಿದ ಮೇಲೆ ಆ ಕಟ್ಟಡದ ಬಗ್ಗೆ ವಿಚಾರಿಸಬೇಕು.

ಕಡಿಮೆ ದರದ ಚೈನುಗಳಲ್ಲಿ ಈ ವಿಚಾರಣೆ ಇನ್ನೂ ಮುಖ್ಯ. ಓಯೋ 2013ರಲ್ಲಿ ಹುಟ್ಟಿತು. ಟ್ರೀಬೋ 2015ರಲ್ಲಿ, ನಮ್ಮ ಬೆಂಗಳೂರಿನಲ್ಲೇ. ಆರ್.ಟಿ. ನಗರದ ಒಳರಸ್ತೆಯಲ್ಲೋ ಯಲಹಂಕ ನ್ಯೂ ಟೌನಿನಲ್ಲೋ ಇಪ್ಪತ್ತು ಮೂವತ್ತು ಕೋಣೆಗಳ ಲಾಡ್ಜು ನಡೆಸುವವರ ಕಟ್ಟಡಕ್ಕೆ ಇಂಥ ಕಂಪನಿಗಳು ಬೋರ್ಡು, ಬುಕಿಂಗ್ ವ್ಯವಸ್ಥೆ, ಒಂದಷ್ಟು ಶಿಸ್ತು ಒದಗಿಸುತ್ತವೆ. ಒಪ್ಪಂದ ಮುಗಿದರೆ ಬೋರ್ಡು ಇಳಿಯುತ್ತದೆ. ಆದ್ದರಿಂದ ಎರಡು ವರ್ಷದ ಹಿಂದಿನ ಹೊಗಳಿಕೆಯನ್ನು ನಂಬಬೇಡಿ. ಈಚಿನ ತಿಂಗಳುಗಳಲ್ಲಿ ಉಳಿದವರು ಏನು ಹೇಳಿದ್ದಾರೆ, ಅವರೇ ತೆಗೆದ ಫೋಟೊಗಳಲ್ಲಿ ಬಚ್ಚಲುಮನೆ ಹೇಗಿದೆ ಎಂದು ನೋಡಿ. ಸ್ಟಾರುಗಳ ವಿಷಯವೂ ತಿಳಿದಿರಲಿ. ಹೋಟೆಲಿಗೆ ಅಧಿಕೃತವಾಗಿ ಸ್ಟಾರ್ ಕೊಡುವುದು ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸಮಿತಿ. ಅದು ಐದು ವರ್ಷಕ್ಕೆ ಮಾತ್ರ, ಅದೂ ಹೋಟೆಲಿನವರು ತಾವಾಗಿ ಕೇಳಿಕೊಂಡರೆ. ಬುಕಿಂಗ್ ಆ್ಯಪ್‌ನಲ್ಲಿ ಮಿನುಗುವ ನಕ್ಷತ್ರಕ್ಕೂ ಇದಕ್ಕೂ ಸಂಬಂಧ ಇರಲೇಬೇಕೆಂದಿಲ್ಲ.

ಇನ್ನು ನಾನು ಹೇಳಬೇಕೆಂದಿರುವ ಮುಖ್ಯ ಮಾತು. ಚೈನ್ ಹೋಟೆಲು ಕೋಣೆಯ ಭರವಸೆ ಕೊಡುತ್ತದೆ, ಅದರ ಮುಂದಿನ ರಸ್ತೆಯ ಭರವಸೆ ಕೊಡಲಾರದು. ಬೆಂಗಳೂರಿನ ವಾಸದಲ್ಲಿ ನಿಮ್ಮನ್ನು ದಣಿಸುವುದು ಹಾಸಿಗೆ ಅಲ್ಲವೇ ಅಲ್ಲ, ರಸ್ತೆ. ಹೆಬ್ಬಾಳದ ಮೇಲ್ಸೇತುವೆ 2003ರಲ್ಲಿ ತೆರೆದಾಗ ವಿಮಾನ ನಿಲ್ದಾಣ ಇನ್ನೂ ಎಚ್‌ಎಎಲ್‌ನಲ್ಲಿತ್ತು. ಇಂದು ವಿಮಾನದ ಕಾರು, ಹೊರವರ್ತುಲ ರಸ್ತೆಯ ಲಾರಿ, ಟೆಕ್ ಪಾರ್ಕಿನ ಬಸ್ಸು, ಚಿಕ್ಕಬಳ್ಳಾಪುರದ ಕಡೆಯ ವಾಹನ, ಎಲ್ಲವೂ ಅಲ್ಲೇ ಸೇರುತ್ತವೆ. ಈಚೆಗೆ ಹೊಸ ಲೂಪ್ ಸೇರಿಸಿದ್ದಾರೆ, ಮೆಟ್ರೋ ನೀಲಿ ಮಾರ್ಗದ ಕಂಬಗಳು ಎದ್ದಿವೆ. ಆದರೂ ಬೆಳಗ್ಗೆ ಎಂಟರಿಂದ ಹನ್ನೊಂದು, ಸಂಜೆ ಐದರಿಂದ ಒಂಬತ್ತು, ಹೆಬ್ಬಾಳ ದಾಟುವುದು ಒಂದು ಕೆಲಸವೇ. ಹೀಗಾಗಿ ನಿಮ್ಮ ಕೆಲಸ ಹೆಬ್ಬಾಳದ ಯಾವ ಮಗ್ಗುಲಿಗಿದೆ ಎಂದು ತಿಳಿದುಕೊಂಡು, ಹೋಟೆಲನ್ನೂ ಅದೇ ಮಗ್ಗುಲಲ್ಲಿ ಹಿಡಿಯಿರಿ. ಆ ಮಗ್ಗುಲಿನ ಸಾಧಾರಣ ಹೋಟೆಲು ಈ ಮಗ್ಗುಲಿನ ಭಾರಿ ಹೋಟೆಲಿಗಿಂತ ಲೇಸು.

ಒಂದೊಂದಾಗಿ ನೋಡೋಣ. ನಸುಕಿನ ನಾಲ್ಕು ಐದು ಗಂಟೆಯ ವಿಮಾನ ಹಿಡಿಯಬೇಕಾದವರಿಗೆ ಯಲಹಂಕ ಅಥವಾ ಅದರಾಚೆಯ ಬಳ್ಳಾರಿ ರಸ್ತೆ ಅನುಕೂಲ. ಹೆಬ್ಬಾಳದಿಂದ ನಿಲ್ದಾಣ ಸುಮಾರು ಇಪ್ಪತ್ತೈದು ಕಿಲೋಮೀಟರು. ಯಲಹಂಕದಲ್ಲಿ ಉಳಿದರೆ ಅದರಲ್ಲಿ ಒಂದು ಪಾಲು ಆಗಲೇ ಕಳೆದಿರುತ್ತದೆ. ಅಲ್ಲಾಳಸಂದ್ರದ ರಾಯಲ್ ಆರ್ಕಿಡ್‌ನಂಥ ರೆಸಾರ್ಟುಗಳು ಈ ದಾರಿಯಲ್ಲಿವೆ. ತೀರ ಹತ್ತಿರವೇ ಬೇಕೆಂದರೆ ನಿಲ್ದಾಣದ ಆವರಣದಲ್ಲೇ ತಾಜ್ ಇದೆ, ದರವೂ ಅದಕ್ಕೆ ತಕ್ಕಂತೆ. ದಾರಿಯಲ್ಲಿ ಸಾದಹಳ್ಳಿಯ ಟೋಲ್ ಇದೆ, ಟ್ಯಾಕ್ಸಿಯವರು ಅದನ್ನು ಬಾಡಿಗೆಗೆ ಸೇರಿಸುತ್ತಾರೆ. ಒಬ್ಬರೇ ಹೋಗುವವರಾದರೆ ಬಿಎಂಟಿಸಿಯ ವಾಯುವಜ್ರವನ್ನು ಮರೆಯಬೇಡಿ. ಬಳ್ಳಾರಿ ರಸ್ತೆಯ ನಿಲ್ದಾಣಗಳಲ್ಲಿ ಹತ್ತಬಹುದು.

ಆಸ್ಪತ್ರೆಗೆ ಬರುವವರ ಲೆಕ್ಕ ಬೇರೆ. 1973ರಿಂದ ಇರುವ ಬ್ಯಾಪ್ಟಿಸ್ಟ್ ಆಸ್ಪತ್ರೆ, ಸಹಕಾರನಗರದ ಆಸ್ಟರ್ ಸಿಎಂಐ, ಹೆಬ್ಬಾಳದ ಮಣಿಪಾಲ್, ಇವೆಲ್ಲ ಒಂದಕ್ಕೊಂದು ಹತ್ತಿರವೇ ಕಾಣುತ್ತವೆ ನಿಜ, ಆದರೆ ನಡುವೆ ಮೇಲ್ಸೇತುವೆಯಿದೆ, ಸರ್ವಿಸ್ ರಸ್ತೆಯಿದೆ, ಒನ್‌ವೇ ಇದೆ. ನಕ್ಷೆಯಲ್ಲಿ ಅರ್ಧ ಕಿಲೋಮೀಟರು ತೋರಿಸುವ ದಾರಿ ಕಾರಿಗೆ ಮೂರು ಕಿಲೋಮೀಟರಿನ ಯೂ-ಟರ್ನ್ ಆಗಬಹುದು. ಆಪರೇಷನ್ ಮುಗಿಸಿಕೊಂಡ ಅಮ್ಮನನ್ನು ಡ್ರೆಸಿಂಗಿಗೆ ದಿನ ಬಿಟ್ಟು ದಿನ ಕರೆದೊಯ್ಯಬೇಕಾದ ಮಗನಿಗೆ ಈಜುಕೊಳ ಬೇಡ. ಲಿಫ್ಟು ಬೇಕು, ಗಾಲಿಕುರ್ಚಿ ಹೋಗುವಷ್ಟು ಅಗಲದ ಬಾಗಿಲು ಬೇಕು, ಪಾಶ್ಚಾತ್ಯ ಕಮೋಡು ಬೇಕು, ಗಂಜಿ ಮಾಡಿಕೊಡುವ ಅಡುಗೆಮನೆ ಬೇಕು. ಇವನ್ನೆಲ್ಲ ಫೋನಿನಲ್ಲಿ ಕೇಳಿ ತಿಳಿದುಕೊಳ್ಳಬಹುದು. ದೀರ್ಘ ವಾಸವೆಂದರೆ ಹದಿನೈದು ದಿನಕ್ಕೆ, ತಿಂಗಳಿಗೆ ಬೇರೆ ದರ ಇರುತ್ತದೆ. ಕೇಳಿದವರಿಗೆ ಮಾತ್ರ ಹೇಳುತ್ತಾರೆ.

ಅರಮನೆ ಮೈದಾನದ ಮದುವೆಗೆ ಬರುವವರಿಗೆ ಆರ್.ಟಿ. ನಗರ, ಗಂಗಾನಗರಗಳಷ್ಟು ಸಮೀಪದ ಜಾಗ ಕಡಿಮೆ. ಇಲ್ಲಿ ದೊಡ್ಡದಕ್ಕೂ ಸಣ್ಣದಕ್ಕೂ ನಡುವೆ ರಸ್ತೆಯಷ್ಟೇ ಅಂತರ. ಬಳ್ಳಾರಿ ರಸ್ತೆಯ ಮೇಲೆ 2019ರಲ್ಲಿ ತೆರೆದ ಫೋರ್ ಸೀಸನ್ಸ್ ನಿಂತಿದ್ದರೆ, ಒಳಗಿನ ಅಡ್ಡರಸ್ತೆಗಳಲ್ಲಿ ಕಡಿಮೆ ದರದ ಬೋರ್ಡುಗಳಿವೆ. ದಿಬ್ಬಣದವರು ಹತ್ತು ಹದಿನೈದು ಕೋಣೆ ತೆಗೆದುಕೊಳ್ಳುವುದಾದರೆ ಆ್ಯಪ್ ಬಿಟ್ಟು ನೇರ ಮ್ಯಾನೇಜರ್ ಜೊತೆ ಮಾತಾಡಿ. ಗುಂಪಿನ ದರ ಅಲ್ಲಿಯೇ ಕುದುರುವುದು.

ಯಶವಂತಪುರಕ್ಕೆ ಇವೆಲ್ಲಕ್ಕಿಂತ ದೊಡ್ಡ ವರ ಮೆಟ್ರೋ. ಹಸಿರು ಮಾರ್ಗ ಇಲ್ಲಿಗೆ ಬಂದದ್ದು 2014ರ ಮಾರ್ಚ್‌ನಲ್ಲಿ. 2024ರ ನವೆಂಬರ್‌ನಲ್ಲಿ ಅದು ಮಾದಾವರದವರೆಗೆ ಹೋಯಿತು. ತುಮಕೂರು ರಸ್ತೆಯ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರ ಮಾದಾವರದಲ್ಲೇ ಇದೆ. ಯಂತ್ರಗಳ ಪ್ರದರ್ಶನಕ್ಕೆ ಬರುವ ಬೆಳಗಾವಿಯ ಫೌಂಡ್ರಿ ಮಾಲೀಕರು ಯಶವಂತಪುರದಲ್ಲಿ ಉಳಿದರೆ ಗೊರಗುಂಟೆಪಾಳ್ಯದ ಗದ್ದಲವನ್ನು ಮೇಲಿನಿಂದ ನೋಡುತ್ತ ಹೋಗಿಬರಬಹುದು. ಮೆಜೆಸ್ಟಿಕ್ಕಿಗೂ ಇದೇ ಗಾಡಿ. ವಿಮಾನಕ್ಕೆ ಮಾತ್ರ ಈ ಜಾಗ ದೂರ. ಇಲ್ಲಿಂದ ದೇವನಹಳ್ಳಿಗೆ ಹೊರಡುವವರು ಮತ್ತೆ ಆ ಹೆಬ್ಬಾಳವನ್ನೇ ದಾಟಬೇಕು.

ಜಾಗದಷ್ಟೇ ಮುಖ್ಯ ಗಡಿಯಾರ. ಚೈನ್ ಹೋಟೆಲಿನ ದಿನ ಸಾಮಾನ್ಯವಾಗಿ ಮಧ್ಯಾಹ್ನ ಎರಡಕ್ಕೆ ಶುರುವಾಗಿ ಮರುದಿನ ಹನ್ನೆರಡಕ್ಕೆ ಮುಗಿಯುತ್ತದೆ. ನಮ್ಮ ಜನ ಪ್ರಯಾಣ ಮಾಡುವುದು ರಾತ್ರಿ. ಹುಬ್ಬಳ್ಳಿಯಿಂದಲೋ ಶಿವಮೊಗ್ಗದಿಂದಲೋ ರಾತ್ರಿ ಬಸ್ಸು ಹತ್ತಿದವರು ಬೆಳಗ್ಗೆ ಐದೂವರೆಗೆ ಯಶವಂತಪುರದಲ್ಲಿ ಇಳಿದು, ಬ್ಯಾಗು ಹಿಡಿದು, ಕಣ್ಣುಜ್ಜಿಕೊಳ್ಳುತ್ತ ಹೋಟೆಲಿನ ಬಾಗಿಲಲ್ಲಿ ನಿಲ್ಲುತ್ತಾರೆ. ಕೌಂಟರಿನ ಹುಡುಗಿ ಬಹಳ ವಿನಯದಿಂದ, ಚೆಕ್-ಇನ್ ಎರಡು ಗಂಟೆಗೆ ಸಾರ್ ಎನ್ನುತ್ತಾಳೆ. ಅವಳ ತಪ್ಪೇನಿಲ್ಲ, ನಿಯಮ ಇರುವುದೇ ಹಾಗೆ. ಸ್ನಾನ ಮಾಡಿ ಹತ್ತಕ್ಕೆ ಇಂಟರ್‌ವ್ಯೂಗೆ ಹೋಗಬೇಕಾದವನಿಗೆ ಎಂಟೂವರೆ ತಾಸಿನ ಈ ಅಂತರ ಸಣ್ಣದಲ್ಲ.

ಇದಕ್ಕೆ ಮೂರು ದಾರಿ. ಬೇಗ ಬರುತ್ತೇವೆಂದು ಮುಂಚೆಯೇ ತಿಳಿಸಿ, ಒಪ್ಪಿದ್ದನ್ನು ಮೆಸೇಜಿನಲ್ಲಿ ಬರೆಸಿಕೊಳ್ಳುವುದು ಒಂದು. ಕೆಲವು ಹೋಟೆಲು ಅರ್ಧ ದಿನದ ಬಾಡಿಗೆ ಕೇಳುತ್ತವೆ, ಕೆಲವು ಕೋಣೆ ಖಾಲಿಯಿದ್ದರೆ ಸುಮ್ಮನೆ ಕೊಡುತ್ತವೆ. ಹಿಂದಿನ ರಾತ್ರಿಯಿಂದಲೇ ಕೋಣೆ ಹಿಡಿಯುವುದು ಎರಡನೆಯದು. ವಯಸ್ಸಾದವರು ಜೊತೆಗಿದ್ದರೆ ಆ ಖರ್ಚು ದಂಡವಲ್ಲ. ಮೂರನೆಯದು ಚೈನನ್ನೇ ಬಿಡುವುದು. ಯಶವಂತಪುರ, ಗಾಂಧಿನಗರಗಳ ಹಳೆಯ ಲಾಡ್ಜುಗಳಲ್ಲಿ ಇಪ್ಪತ್ತನಾಲ್ಕು ತಾಸಿನ ಚೆಕ್‌ಔಟ್ ಪದ್ಧತಿ ಇನ್ನೂ ಇದೆ. ಬೆಳಗ್ಗೆ ಆರಕ್ಕೆ ಒಳಗೆ ಹೋದರೆ ಮರುದಿನ ಆರರವರೆಗೆ ಕೋಣೆ ನಿಮ್ಮದು. ಚೈನುಗಳ ಗಡಿಯಾರ ವಿಮಾನದಲ್ಲಿ ಬರುವವರಿಗೆ ಕಟ್ಟಿದ್ದು, ಲಾಡ್ಜಿನ ಗಡಿಯಾರ ಎಪಿಎಂಸಿಗೆ ಸರಕು ತರುವ ವ್ಯಾಪಾರಿಗೆ, ಕೋರ್ಟಿಗೆ ಬರುವ ಕಕ್ಷಿದಾರನಿಗೆ ಕಟ್ಟಿದ್ದು. ಗುಬ್ಬಿ ತೋಟದಪ್ಪನವರು ರೈಲು ನಿಲ್ದಾಣದ ಮುಂದೆ ಧರ್ಮಛತ್ರ ಕಟ್ಟಿಸಿದ ಊರು ಇದು. ಇಳಿದ ಕೂಡಲೇ ಒರಗಲು ಜಾಗ ಬೇಕೆಂಬ ಪ್ರಯಾಣಿಕನ ಕಷ್ಟ ಇಲ್ಲಿಯವರಿಗೆ ಹೊಸದಲ್ಲ.

ಗಡಿಯಾರದ ಜೊತೆಗೆ ಕ್ಯಾಲೆಂಡರನ್ನೂ ನೋಡಬೇಕು. ಬೆಸ ಸಂಖ್ಯೆಯ ವರ್ಷಗಳ ಫೆಬ್ರವರಿಯಲ್ಲಿ ಯಲಹಂಕದ ವಾಯುನೆಲೆಯಲ್ಲಿ ಏರೋ ಇಂಡಿಯಾ ನಡೆಯುವುದು ರೂಢಿ. 1996ರಲ್ಲಿ ಆರಂಭವಾದ ಈ ಪ್ರದರ್ಶನಕ್ಕೆ ದೇಶವಿದೇಶದ ಕಂಪನಿಗಳು ತಿಂಗಳುಗಟ್ಟಲೆ ಮುಂಚೆ ಕೋಣೆ ಕಾದಿರಿಸುತ್ತವೆ. ಆ ವಾರ ಹೆಬ್ಬಾಳದಿಂದ ದೇವನಹಳ್ಳಿಯವರೆಗೆ ದರ ಆಕಾಶಕ್ಕೇರುತ್ತದೆ, ಬಳ್ಳಾರಿ ರಸ್ತೆ ನೆಲಕಚ್ಚುತ್ತದೆ. ಇನ್ನೊಂದು ವಿಷಯ ಹೊರಗಿನವರಿಗೆ ತಿಳಿದಿರುವುದಿಲ್ಲ. 2025ರ ಪ್ರದರ್ಶನದ ಸಲುವಾಗಿ ಬಿಬಿಎಂಪಿ ಜನವರಿ 23ರಿಂದ ಫೆಬ್ರವರಿ 17ರವರೆಗೆ ವಾಯುನೆಲೆಯ 13 ಕಿಲೋಮೀಟರು ವ್ಯಾಪ್ತಿಯಲ್ಲಿ ಮಾಂಸದ ಅಂಗಡಿಗಳನ್ನು ಮುಚ್ಚಿಸಿ, ಹೋಟೆಲುಗಳಲ್ಲಿ ಮಾಂಸಾಹಾರ ಬಡಿಸುವುದನ್ನೂ ನಿಷೇಧಿಸಿತ್ತು. ಎಲ್ಲೆಂದರಲ್ಲಿ ಬಿಸಾಡಿದ ಮಾಂಸದ ಚೂರಿಗೆ ಹದ್ದುಗಳು ಮುಗಿಬೀಳುತ್ತವೆ, ಹಾರಾಡುವ ಹದ್ದು ಯುದ್ಧವಿಮಾನಕ್ಕೆ ಬಡಿದರೆ ಅನಾಹುತ ಎಂಬುದು ಕಾರಣ. ಬಿರಿಯಾನಿಯ ಆಸೆಯಿಂದ ಆ ದಿನಗಳಲ್ಲಿ ಯಲಹಂಕದಲ್ಲಿ ಕೋಣೆ ಹಿಡಿದವರು ಬಿಸಿಬೇಳೆಬಾತಿನಲ್ಲೇ ತೃಪ್ತರಾಗಬೇಕಾಯಿತು. ಹಾಗೆಯೇ ನವೆಂಬರ್‌ನಲ್ಲಿ ಜಿಕೆವಿಕೆಯ ಕೃಷಿಮೇಳ. ರಾಜ್ಯದ ಮೂಲೆಮೂಲೆಯಿಂದ ರೈತರು ಬರುವುದರಿಂದ ಆ ದಿನಗಳಲ್ಲಿ ಸಣ್ಣ ಲಾಡ್ಜುಗಳೇ ಮೊದಲು ತುಂಬುತ್ತವೆ. ದಿನಾಂಕ ನಿಮ್ಮ ಕೈಯಲ್ಲಿದ್ದರೆ ಒಂದು ವಾರ ಹಿಂದೆ ಮುಂದೆ ಮಾಡಿಕೊಳ್ಳಿ.

ಈಗ ಬಿಲ್ಲು. ಪರದೆಯ ಮೇಲೆ ದಪ್ಪಕ್ಷರದಲ್ಲಿ ಕಾಣುವ ದರಕ್ಕೂ ಕೊನೆಯಲ್ಲಿ ಕಟ್ಟುವ ಹಣಕ್ಕೂ ನಡುವೆ ತೆರಿಗೆ ಕೂತಿರುತ್ತದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ ಶೇಕಡಾ 5, ಅದಕ್ಕಿಂತ ಮೇಲಾದರೆ ಶೇಕಡಾ 18. ಈ ಗೆರೆಯ ಆಚೆ ಈಚೆ ಏನಾಗುತ್ತದೆ ನೋಡಿ. 7,400 ರೂಪಾಯಿಯ ಕೋಣೆಗೆ ತೆರಿಗೆ ಸೇರಿ 7,770 ಆಗುತ್ತದೆ. 7,600 ರೂಪಾಯಿಯ ಕೋಣೆಗೆ 8,968. ದರದಲ್ಲಿ ಇನ್ನೂರು ರೂಪಾಯಿಯ ಅಂತರ, ಬಿಲ್ಲಿನಲ್ಲಿ 1,198. ತೆರಿಗೆ ಬೀಳುವುದು ಆ ದಿನ ನಿಜವಾಗಿ ವಸೂಲಾದ ದರದ ಮೇಲೆ. ಹಾಗಾಗಿ ಭಾನುವಾರ ಗೆರೆಯ ಕೆಳಗಿದ್ದ ಕೋಣೆಯೇ ಮಂಗಳವಾರ ಮೇಲೆ ಹೋಗಬಹುದು. ಊಟಕ್ಕೂ ಇದರ ನೆರಳು ಬೀಳುತ್ತದೆ. ಹಿಂದಿನ ಹಣಕಾಸು ವರ್ಷದಲ್ಲಿ ಒಂದು ಕೋಣೆಯನ್ನಾದರೂ 7,500ಕ್ಕಿಂತ ಹೆಚ್ಚಿಗೆ ಕೊಟ್ಟಿದ್ದ ಹೋಟೆಲಿನ ರೆಸ್ಟೋರೆಂಟಿನಲ್ಲಿ ಊಟದ ತೆರಿಗೆ ಶೇಕಡಾ 18. ಎದುರಿನ ದರ್ಶಿನಿಯಲ್ಲಿ ಶೇಕಡಾ 5. ಯಶವಂತಪುರದಲ್ಲಿ ಉಳಿದವರು ಬೆಳಗಿನ ತಿಂಡಿ ಸೇರದ ದರವನ್ನೇ ಆರಿಸಿಕೊಂಡು ಮಲ್ಲೇಶ್ವರದ ಸಿಟಿಆರ್‌ಗೆ ಹೋಗಿ ಬೆಣ್ಣೆದೋಸೆ ತಿಂದರೆ ಜೇಬಿಗೂ ಹಿತ, ನಾಲಿಗೆಗೂ ಹಿತ.

ವ್ಯಾಪಾರಕ್ಕೆ ಬರುವವರು ಬಿಲ್ಲಿಗೆ ತಮ್ಮ ಜಿಎಸ್‌ಟಿ ಸಂಖ್ಯೆ ಹಾಕಿಸುತ್ತಾರೆ. ಹೋಟೆಲು ಕರ್ನಾಟಕದಲ್ಲಿರುವುದರಿಂದ ತೆರಿಗೆಯೂ ಇಲ್ಲಿಯದೇ. ದಾವಣಗೆರೆಯ ಸಂಸ್ಥೆಗೆ ಅದನ್ನು ಲೆಕ್ಕಕ್ಕೆ ಹಿಡಿಯುವ ಅವಕಾಶವಿದೆ. ಕಾಸರಗೋಡಿನಲ್ಲಿ ಅಥವಾ ಸೊಲ್ಲಾಪುರದಲ್ಲಿ ನೋಂದಾಯಿಸಿದ ಸಂಸ್ಥೆಗೆ ಇಲ್ಲ. ಇನ್ನು ಸೇವಾಶುಲ್ಕ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ, ಕೇಳದೆ ಬಿಲ್ಲಿಗೆ ಸೇವಾಶುಲ್ಕ ಸೇರಿಸುವಂತಿಲ್ಲ ಎಂದಿತು. 2025ರ ಮಾರ್ಚ್‌ನಲ್ಲಿ ದಿಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಬಿಲ್ಲಿನಲ್ಲಿ ಕಂಡರೆ ತೆಗೆಯಲು ಹೇಳಿ. ಕೋಣೆಯ ಫ್ರಿಜ್ಜಿನ ನೀರಿನ ಬಾಟಲಿಯ ವಿಷಯದಲ್ಲಿ ಮಾತ್ರ ಜಗಳಕ್ಕೆ ಹೋಗಬೇಡಿ. ಹೋಟೆಲಿನವರು ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಳ್ಳಬಹುದೆಂದು ಸುಪ್ರೀಂ ಕೋರ್ಟು 2017ರಲ್ಲೇ ಹೇಳಿದೆ. ಕುಡಿಯುವ ಮೊದಲು ದರಪಟ್ಟಿ ನೋಡುವುದು ಕ್ಷೇಮ.

ಕೋಣೆ ಹಿಡಿಯುವುದು ಆ್ಯಪ್‌ನಲ್ಲೋ ನೇರವಾಗಿಯೋ? ಆ್ಯಪ್ ಹತ್ತು ಹೋಟೆಲನ್ನು ಒಟ್ಟಿಗೆ ತೋರಿಸುತ್ತದೆ, ಅದು ಅನುಕೂಲ. ಆದರೆ ಅದು ತೋರಿಸುವುದೇ ಎಲ್ಲವೂ ಅಲ್ಲ, ತೋರಿಸುವ ದರವೇ ಕಡೆಯದೂ ಅಲ್ಲ. 2022ರ ಅಕ್ಟೋಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಮೇಕ್‌ಮೈಟ್ರಿಪ್ ಬಳಗಕ್ಕೆ 223.48 ಕೋಟಿ ರೂಪಾಯಿ, ಓಯೋಗೆ 168.88 ಕೋಟಿ ರೂಪಾಯಿ ದಂಡ ಹಾಕಿತು. ಬೇರೆಡೆ ಕಡಿಮೆ ದರಕ್ಕೆ ಕೋಣೆ ಮಾರಕೂಡದೆಂದು ಹೋಟೆಲುಗಳನ್ನು ಕಟ್ಟಿಹಾಕಿದ್ದು ಒಂದು ಆರೋಪ. ಇಬ್ಬರ ಒಪ್ಪಂದದಿಂದಾಗಿ ನಮ್ಮ ಬೆಂಗಳೂರಿನ ಟ್ರೀಬೋವನ್ನೂ ಫ್ಯಾಬ್ ಹೋಟೆಲುಗಳನ್ನೂ ಪಟ್ಟಿಯಿಂದಲೇ ಕೈಬಿಟ್ಟದ್ದು ಇನ್ನೊಂದು. ಕಂಪನಿಗಳು ಮೇಲ್ಮನವಿಗೆ ಹೋದವು. ನಮಗೆ ಇದರಿಂದ ಕಲಿಯಬೇಕಾದ್ದು ಇಷ್ಟೆ: ಆ್ಯಪ್‌ನಲ್ಲಿ ನೋಡಿ, ಹೋಟೆಲಿನ ಸ್ವಂತ ವೆಬ್‌ಸೈಟಿನಲ್ಲೂ ನೋಡಿ, ಆಮೇಲೆ ಫೋನು ಮಾಡಿ. ದೊಡ್ಡ ಚೈನುಗಳಲ್ಲಿ ಉಚಿತ ಸದಸ್ಯತ್ವಕ್ಕೇ ದರದಲ್ಲಿ ರಿಯಾಯಿತಿ ಸಿಗುವುದುಂಟು. ರದ್ದು ಮಾಡಿದರೆ ಹಣ ವಾಪಸ್ ಬಾರದ ದರ ಅಗ್ಗ. ಆಸ್ಪತ್ರೆಯ ಕೆಲಸಕ್ಕೆ ಬರುವವರು ಆ ಅಗ್ಗದ ಹಿಂದೆ ಹೋಗದಿರುವುದು ಒಳ್ಳೆಯದು, ಡಾಕ್ಟರು ದಿನಾಂಕ ಬದಲಿಸುತ್ತಲೇ ಇರುತ್ತಾರೆ.

ಗುರುತಿನ ಚೀಟಿಯ ಬಗ್ಗೆ ಎರಡು ಮಾತು. ಬೆಂಗಳೂರಿನವರೇ ಬೆಂಗಳೂರಿನಲ್ಲಿ ಹೋಟೆಲು ಹಿಡಿಯುವ ಸಂದರ್ಭ ಬರುತ್ತದೆ. ನಸುಕಿನ ವಿಮಾನ, ಮನೆಯ ರಿಪೇರಿ, ಆಸ್ಪತ್ರೆಯ ಹತ್ತಿರದ ವಾಸ. ಕೆಲವು ಸಣ್ಣ ಹೋಟೆಲುಗಳಲ್ಲಿ ಲೋಕಲ್ ಐಡಿ ಆಗಲ್ಲ ಎಂದುಬಿಡುತ್ತಾರೆ. ಅದು ಆ ಹೋಟೆಲಿನ ನಿಯಮ, ದೇಶದ ಕಾನೂನಲ್ಲ. ಆದರೂ ರಾತ್ರಿ ಹನ್ನೊಂದಕ್ಕೆ ಕೌಂಟರಿನಲ್ಲಿ ವಾದ ಮಾಡುವುದಕ್ಕಿಂತ ಮೊದಲೇ ಕೇಳಿಕೊಳ್ಳುವುದು ಮೇಲು. ಆಧಾರ್ ಪ್ರತಿ ಕೊಡುವಾಗ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಅಮೆರಿಕದ ಪಾಸ್‌ಪೋರ್ಟು ಹಿಡಿದು ಬರುವ ಮಗ, ಸೊಸೆ, ಮೊಮ್ಮಕ್ಕಳು ಉಳಿಯುವುದಾದರೆ ಹೋಟೆಲಿನವರು ಇಪ್ಪತ್ತನಾಲ್ಕು ಗಂಟೆಯೊಳಗೆ ಅವರ ವಿವರ ತುಂಬಿ ಸರಕಾರಕ್ಕೆ ಕಳಿಸಬೇಕು. ಇದರ ಅಭ್ಯಾಸ ದೊಡ್ಡ ಚೈನುಗಳಿಗೆ ಇರುತ್ತದೆ; ಅಭ್ಯಾಸವಿಲ್ಲದ ಸಣ್ಣವರು ವಿದೇಶಿ ಪಾಸ್‌ಪೋರ್ಟ್ ನೋಡಿದೊಡನೆ ಕೋಣೆ ಇಲ್ಲ ಎನ್ನುವುದುಂಟು. ಅಂಥ ಕುಟುಂಬಕ್ಕೆ ಚೈನ್ ಹೋಟೆಲೇ ಸರಿ.

ಸ್ವಂತ ಕಾರಿನಲ್ಲಿ ಬರುವವರಿಗೂ ಒಂದು ವಿಷಯ. ಕೀಲಿಯನ್ನು ಹೋಟೆಲಿನ ಹುಡುಗನ ಕೈಗೆ ಕೊಟ್ಟ ಮೇಲೆ ಕಾರು ಕಳುವಾದರೆ ಹೊಣೆ ಯಾರದು? ಚೀಟಿಯ ಹಿಂದೆ ಮಾಲೀಕರ ಜವಾಬ್ದಾರಿ ಎಂದು ಅಚ್ಚಾಗಿರುತ್ತದೆ. ದಿಲ್ಲಿಯ ಒಂದು ದೊಡ್ಡ ಹೋಟೆಲಿನಲ್ಲಿ 1998ರಲ್ಲಿ ಹೀಗೆ ಕಳುವಾದ ಕಾರಿನ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2019ರ ನವೆಂಬರ್‌ನಲ್ಲಿ ತೀರ್ಪು ಬರೆದವರು ನಮ್ಮ ನಾಡಿನವರೇ ಆದ ನ್ಯಾಯಮೂರ್ತಿ ಮೋಹನ್ ಶಾಂತನಗೌಡರ್. ಕಾರನ್ನು ತನ್ನ ವಶಕ್ಕೆ ತೆಗೆದುಕೊಂಡ ಹೋಟೆಲು ಇಂಥ ಅಚ್ಚಿನ ಸಾಲು ತೋರಿಸಿ ತನ್ನ ನಿರ್ಲಕ್ಷ್ಯದ ಹೊಣೆಯಿಂದ ಜಾರಿಕೊಳ್ಳುವಂತಿಲ್ಲ ಎಂಬುದು ತೀರ್ಪಿನ ತಿರುಳು. ಪಾರ್ಕಿಂಗ್ ಚೀಟಿಯನ್ನು ಜೋಪಾನವಾಗಿಡಿ.

ಇಷ್ಟನ್ನೆಲ್ಲ ನೆನಪಿಡುವುದು ಕಷ್ಟವೆನಿಸಿದರೆ ಫೋನು ಎತ್ತಿದಾಗ ನಾಲ್ಕು ಪ್ರಶ್ನೆ ಸಾಕು. ನಾನು ಹೋಗಬೇಕಾದ ಜಾಗಕ್ಕೆ ನಿಮ್ಮಲ್ಲಿಂದ ಬೆಳಗ್ಗೆ ಒಂಬತ್ತಕ್ಕೆ ಹೊರಟರೆ ಎಷ್ಟು ಹೊತ್ತು ಬೇಕು? ನಾನು ಇಷ್ಟು ಗಂಟೆಗೆ ಬರುತ್ತೇನೆ, ಕೋಣೆ ಸಿಗುತ್ತದೆಯೇ? ತೆರಿಗೆ, ತಿಂಡಿ, ಹೆಚ್ಚುವರಿ ಹಾಸಿಗೆ ಎಲ್ಲ ಸೇರಿ ಒಟ್ಟು ಎಷ್ಟು? ರದ್ದು ಮಾಡಿದರೆ ಎಷ್ಟು ವಾಪಸ್? ಉತ್ತರ ಕೊಡುವ ಧಾಟಿಯಲ್ಲೇ ಆ ಹೋಟೆಲಿನ ಅರ್ಧ ಗುಣ ಗೊತ್ತಾಗುತ್ತದೆ. ಕೋಟಿ ರೂಪಾಯಿಯ ಬೋರ್ಡಿನ ಕೆಳಗೆ ಫೋನು ಎತ್ತದವರಿದ್ದಾರೆ, ಇಪ್ಪತ್ತು ಕೋಣೆಯ ಲಾಡ್ಜಿನಲ್ಲಿ ಬಸ್ಸಿನ ನಂಬರು ಸಮೇತ ದಾರಿ ಹೇಳುವವರಿದ್ದಾರೆ. ಕೊಟ್ಟ ಮಾತು ತಪ್ಪಿದರೆ ಬಿಲ್ಲು, ಮೆಸೇಜು ಎರಡನ್ನೂ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಚೈನ್ ಹೋಟೆಲಿನ ಮೇಲೆ ನನಗೆ ಮೋಹವೂ ಇಲ್ಲ, ಮುನಿಸೂ ಇಲ್ಲ. ಗೊತ್ತಿಲ್ಲದ ಊರಿನಲ್ಲಿ ಒಗೆದ ಹೊದಿಕೆ, ಬಿಸಿನೀರು, ಒಳಗಿನಿಂದ ಭದ್ರವಾಗಿ ಹಾಕಿಕೊಳ್ಳಬಹುದಾದ ಚಿಲಕ, ಇವಿಷ್ಟಕ್ಕೆ ಒಂದು ಹೆಸರು ಜಾಮೀನು ನಿಲ್ಲುವುದಾದರೆ ಅದಕ್ಕೆ ನಾಲ್ಕು ಕಾಸು ಹೆಚ್ಚು ಕೊಡುವುದು ತಪ್ಪಲ್ಲ. ಒಂಟಿಯಾಗಿ ಬರುವ ಹೆಣ್ಣುಮಕ್ಕಳಿಗಂತೂ ಆ ಜಾಮೀನಿನ ಬೆಲೆ ಗೊತ್ತು. ಆದರೆ ಆ ಹೆಸರಿಗೆ ಕೊಟ್ಟ ದುಡ್ಡು ಹೆಬ್ಬಾಳದ ಸಿಗ್ನಲ್ಲಿನಲ್ಲಿ ಸುಟ್ಟುಹೋಗಬಾರದು. ಆದ್ದರಿಂದ ಮುಂದಿನ ಸಲ ಉತ್ತರ ಬೆಂಗಳೂರಿಗೆ ಹೊರಟಾಗ ಒಂದು ಚೀಟಿಯಲ್ಲಿ ಮರುದಿನ ಬೆಳಗ್ಗೆ ಎಷ್ಟು ಗಂಟೆಗೆ ಎಲ್ಲಿರಬೇಕು ಎಂಬುದನ್ನು ಬರೆದುಕೊಳ್ಳಿ. ಹೋಟೆಲಿನ ಹೆಸರನ್ನು ಅದರ ಕೆಳಗಿನ ಸಾಲಿನಲ್ಲಿ ತುಂಬಿ.